ಮಾತು ಕೊಟ್ಟ ಮರುದಿನ: 1588ರ ಟಿಲ್ಬರಿ ಶಿಬಿರದ ಪ್ರಕರಣ

ಪ್ರಕರಣ ಬರೆಯುವಾಗ ಹೆಸರು ಮರೆಮಾಡುವುದು ವಾಡಿಕೆ. ಇಲ್ಲಿ ಅದು ಅರ್ಧ ಮಾತ್ರ ಸಾಧ್ಯ. ಇಂಗ್ಲೆಂಡಿನ ಒಂದನೇ ಎಲಿಜಬೆತ್ ರಾಣಿಯನ್ನು ‘ಒಬ್ಬ ಮಹಿಳೆ, ವಯಸ್ಸು 54’ ಎಂದು ಬರೆದರೆ ಗುಟ್ಟೇನೂ ಉಳಿಯುವುದಿಲ್ಲ, ಓದುವವರಿಗೆ ನಗು ಬರುತ್ತದೆ ಅಷ್ಟೆ. ಹಾಗಾಗಿ ರಾಣಿ, ಅವಳ ಮಂತ್ರಿ, ಸೇನಾಪತಿ, ಎದುರಾಳಿ ರಾಜ, ಇವರ ಹೆಸರುಗಳು ಇದ್ದ ಹಾಗೇ ಇವೆ. ಮೈದಾನದಲ್ಲಿ ನಿಂತು ಭಾಷಣ ಕೇಳಿದ ಸೈನಿಕರಿಗೆ, ಹಡಗಿನಿಂದ ಇಳಿದು ಬಂದ ನಾವಿಕರಿಗೆ ಇಲ್ಲಿ ಹೆಸರಿಲ್ಲ. ಅದನ್ನು ಮರೆಮಾಡುವ ಕೆಲಸ ನನಗೆ ಬೀಳಲೂ ಇಲ್ಲ. ಇತಿಹಾಸ ಅದನ್ನು ಮೊದಲೇ ಮಾಡಿ ಮುಗಿಸಿದೆ.

ಸ್ಪೇನ್ ದಂಡೆತ್ತಿ ಬರುತ್ತಿದ್ದಾಗ ಎಲಿಜಬೆತ್ ಥೇಮ್ಸ್ ದಡದ ಟಿಲ್ಬರಿ ಶಿಬಿರದಲ್ಲಿ ತನ್ನ ಸೈನಿಕರಿಗೆ ಮಾಡಿದ ಭಾಷಣವನ್ನು ಸಾಮಾನ್ಯವಾಗಿ ಮಾತಿನಿಂದಲೇ ಸೈನ್ಯಕ್ಕೆ ಹುರುಪು ತುಂಬಿದ ಉದಾಹರಣೆಯಾಗಿ ಹೇಳುತ್ತಾರೆ. ಹುರುಪು ತುಂಬಿದ್ದು ನಿಜ. ಆದರೆ ಭಾಷಣವನ್ನಷ್ಟೇ ಎತ್ತಿ ನೋಡಿದರೆ ಪ್ರಕರಣ ಕೈಗೆ ಸಿಗುವುದಿಲ್ಲ. ಅದಕ್ಕೆ ಎರಡು ವಾರ ಮೊದಲು ಆದ ಊಟದ ಫಜೀತಿ, ಭಾಷಣದ ಮರುದಿನ ಬೇರೊಂದು ಊರಿನಿಂದ ಹೊರಟ ಕಾಗದ, ಇವೆರಡನ್ನೂ ಪಕ್ಕದಲ್ಲಿಟ್ಟು ಓದಬೇಕು. ಯಾವ ನಿರ್ಧಾರ ಫಲ ಕೊಟ್ಟಿತು, ಯಾವುದು ಕೈಕೊಟ್ಟಿತು ಅನ್ನುವುದು ಆಗ ಕಾಣುತ್ತದೆ.

ತಾರೀಕಿನ ಬಗ್ಗೆ ಒಂದು ಮಾತು. ಆಗ ಇಂಗ್ಲೆಂಡ್ ಹಳೆಯ ಜೂಲಿಯನ್ ಕ್ಯಾಲೆಂಡರನ್ನೇ ಹಿಡಿದುಕೊಂಡಿತ್ತು. ಸ್ಪೇನ್ ಹೊಸದಕ್ಕೆ ಬದಲಾಗಿ 10 ದಿನ ಮುಂದಿತ್ತು. ಇಲ್ಲಿರುವುದು ಇಂಗ್ಲೆಂಡಿನ ತಾರೀಕು.

ಹಿನ್ನೆಲೆ

ಎಲಿಜಬೆತ್ ಪಟ್ಟಕ್ಕೆ ಬಂದದ್ದು 1558ರಲ್ಲಿ. 1588ಕ್ಕೆ ಆಳ್ವಿಕೆಗೆ 30 ವರ್ಷ ತುಂಬುತ್ತಾ ಬಂದಿತ್ತು. ಮದುವೆಯಾಗಿರಲಿಲ್ಲ, ಮಕ್ಕಳಿರಲಿಲ್ಲ, ತನ್ನ ನಂತರ ಯಾರು ಅನ್ನುವುದನ್ನು ಬಾಯಿಬಿಟ್ಟು ಹೇಳಿರಲಿಲ್ಲ. ಎದುರಾಳಿ ಸ್ಪೇನಿನ ಎರಡನೇ ಫಿಲಿಪ್. ಇವನು ಹೊಸಬನಲ್ಲ. ಎಲಿಜಬೆತ್‌ಳ ಅಕ್ಕ ಮೇರಿಯ ಗಂಡನಾಗಿ ಕೆಲವು ವರ್ಷ ಇಂಗ್ಲೆಂಡಿನ ರಾಜ ಎನಿಸಿಕೊಂಡಿದ್ದವನು. ಅಂದರೆ ಭಾವನೇ ಈಗ ದಂಡೆತ್ತಿ ಬರುತ್ತಿದ್ದ.

ಜಗಳ ಒಂದೇ ದಿನದಲ್ಲಿ ಹುಟ್ಟಿದ್ದಲ್ಲ. ಫಿಲಿಪ್‌ನ ಆಳ್ವಿಕೆಯ ವಿರುದ್ಧ ನೆದರ್ಲೆಂಡ್ಸ್‌ನಲ್ಲಿ ಎದ್ದ ದಂಗೆಗೆ ಎಲಿಜಬೆತ್ 1585ರಲ್ಲಿ ಬಹಿರಂಗವಾಗಿಯೇ ಸೈನ್ಯ ಕಳಿಸಿದಳು. ಇಂಗ್ಲೆಂಡಿನ ನಾವಿಕ ಡ್ರೇಕ್‌ನಂಥವರು ಸ್ಪೇನಿನ ಹಡಗು, ಬಂದರುಗಳನ್ನು ದೋಚುತ್ತಿದ್ದರು. ರಾಣಿ ಅದನ್ನು ಕಂಡೂ ಕಾಣದ ಹಾಗೆ ಇರುತ್ತಿದ್ದಳು. 1587ರ ಫೆಬ್ರವರಿಯಲ್ಲಿ ಸ್ಕಾಟ್ಲೆಂಡಿನ ಮಾಜಿ ರಾಣಿ ಮೇರಿಯ ತಲೆ ಕಡಿಸಿದ ಮೇಲಂತೂ ರಾಜಿಗೆ ದಾರಿ ಉಳಿಯಲಿಲ್ಲ. ಅದೇ ವರ್ಷ ಡ್ರೇಕ್ ಕಾದಿಸ್ ಬಂದರಿಗೆ ನುಗ್ಗಿ ಹಡಗುಗಳನ್ನು ಸುಟ್ಟ. ಪೀಪಾಯಿ ಮಾಡಲು ಒಣಗಿಸಿಟ್ಟಿದ್ದ ಮರದ ಪಟ್ಟಿಗಳನ್ನೂ ಸುಟ್ಟು ಬಂದ. ಇದು ಸಣ್ಣ ಸಂಗತಿ ಅನಿಸಬಹುದು. ಆದರೆ ಹಸಿ ಮರದ ಪೀಪಾಯಿಯಲ್ಲಿ ನೀರು ಸೋರುತ್ತದೆ, ಆಹಾರ ಕೆಡುತ್ತದೆ. ಮುಂದಿನ ವರ್ಷ ಸ್ಪೇನಿನ ನಾವಿಕರ ಹೊಟ್ಟೆಗೆ ಆ ಬೆಂಕಿಯ ಬಿಸಿ ತಟ್ಟಿತು.

1588ರ ಬೇಸಿಗೆಯಲ್ಲಿ ಸ್ಪೇನಿನ ದೊಡ್ಡ ನೌಕಾಪಡೆ ಅರ್ಮಡಾ ಹೊರಟಿತು. ಸುಮಾರು 130 ಹಡಗು, ಹತ್ತಿರ ಹತ್ತಿರ 30,000 ಜನ. ಮುಂದಾಳು ಮೆದೀನಾ ಸಿದೋನಿಯಾದ ಡ್ಯೂಕ್. ತನಗೆ ಸಮುದ್ರದ ಅನುಭವವಿಲ್ಲ, ಬೇರೆಯವರನ್ನು ನೋಡಿ ಎಂದು ಅವನೇ ರಾಜನಿಗೆ ಬರೆದಿದ್ದ. ರಾಜ ಕೇಳಲಿಲ್ಲ. ಯೋಜನೆ ಕಾಗದದ ಮೇಲೆ ಸರಳ. ಅರ್ಮಡಾ ಇಂಗ್ಲಿಷ್ ಕಾಲುವೆಯ (ಇಂಗ್ಲೆಂಡ್, ಫ್ರಾನ್ಸ್ ನಡುವಿನ ಕಿರಿದಾದ ಸಮುದ್ರ) ಮೂಲಕ ಫ್ಲಾಂಡರ್ಸ್ ಕರಾವಳಿಗೆ ಹೋಗಬೇಕು. ಅಲ್ಲಿ ಕಾಯುತ್ತಿರುವ ಸ್ಪೇನಿನ ಸೇನಾಪತಿ, ಪಾರ್ಮಾದ ಡ್ಯೂಕ್, ತನ್ನ ಪಳಗಿದ ಸೈನ್ಯವನ್ನು ಚಪ್ಪಟೆ ತಳದ ದೋಣಿಗಳಲ್ಲಿ ತುಂಬಿಕೊಂಡು ಹೊರಡಬೇಕು. ಅರ್ಮಡಾದ ಕಾವಲಿನಲ್ಲಿ ಅವರು ಕೆಂಟ್ ತೀರಕ್ಕೆ ಇಳಿದು ಲಂಡನ್ ಕಡೆ ನಡೆಯಬೇಕು.

ಇತ್ತ ಇಂಗ್ಲೆಂಡಿಗೆ ಕಾಯಂ ಸೈನ್ಯವೇ ಇರಲಿಲ್ಲ. ಇದ್ದದ್ದು ಒಳ್ಳೆಯ ಹಡಗುಗಳು, ಮತ್ತು ಜಿಲ್ಲೆ ಜಿಲ್ಲೆಯಲ್ಲಿ ಆಗಾಗ ಕವಾಯತು ಮಾಡಿಸಿ ತಯಾರಿಟ್ಟಿದ್ದ ಊರಿನ ಜನರ ಪಡೆಗಳು. ರೈತರು, ಕುಶಲಕರ್ಮಿಗಳು, ಅಂಗಡಿಯವರು. ಎದುರಿಗೆ ಬರಬಹುದಾಗಿದ್ದವರು ವರ್ಷಗಟ್ಟಲೆ ಯುದ್ಧ ಮಾಡಿಯೇ ಹೊಟ್ಟೆ ಹೊರೆದ ಪಾರ್ಮಾನ ಸಿಪಾಯಿಗಳು.

ಸಮಸ್ಯೆ

ಸಮಸ್ಯೆ ಒಂದಲ್ಲ, ಒಂದರೊಳಗೊಂದು ಸಿಕ್ಕಿಕೊಂಡಿದ್ದವು.

ಮೊದಲನೆಯದು ಜಾಗ. ಶತ್ರು ಎಲ್ಲಿ ಇಳಿಯುತ್ತಾನೆ? ಕೆಂಟ್‌ನಲ್ಲೋ ಎಸೆಕ್ಸ್‌ನಲ್ಲೋ? ಎರಡರ ನಡುವೆ ಥೇಮ್ಸ್ ನದಿ ಇದೆ. ಅದಕ್ಕೆ ನದಿ ಕಿರಿದಾಗುವ ಟಿಲ್ಬರಿಯಲ್ಲಿ ಮುಖ್ಯ ಶಿಬಿರ ಹಾಕಿದರು. ಉತ್ತರ ದಡದಲ್ಲಿ ಟಿಲ್ಬರಿ, ಎದುರು ದಡದಲ್ಲಿ ಗ್ರೇವ್ಸೆಂಡ್. ರಾಣಿಯ ಅಪ್ಪ ಎಂಟನೇ ಹೆನ್ರಿಯ ಕಾಲದ ಸಣ್ಣ ಕೋಟೆ ಅಲ್ಲಿ ಮೊದಲೇ ಇತ್ತು. ನದಿಗೆ ಅಡ್ಡಲಾಗಿ ಹಡಗಿನ ಕೂವೆಮರ, ಸರಪಳಿಗಳ ತಡೆ ಕಟ್ಟಲು ಇಟಲಿಯ ಒಬ್ಬ ಎಂಜಿನಿಯರ್‌ಗೆ ಹೇಳಿದ್ದರು. ಉಬ್ಬರದ ನೀರು ಬಂದಾಗ ಆ ತಡೆ ಮುರಿದುಹೋಯಿತು.

ಎರಡನೆಯದು ಹೊಟ್ಟೆ. ಸೇನಾಪತಿಯಾಗಿ ಬಂದ ಲೆಸ್ಟರ್‌ನ ಅರ್ಲ್ ರಾಬರ್ಟ್ ಡಡ್ಲಿ ರಾಣಿಗೆ ಹಳೆಯ ಆಪ್ತ. ನೆದರ್ಲೆಂಡ್ಸ್‌ನಲ್ಲಿ ಸೇನೆ ನಡೆಸಿ ಹೆಸರು ಕೆಡಿಸಿಕೊಂಡು ಬಂದಿದ್ದ. ಜುಲೈ 26ಕ್ಕೆ ಎಸೆಕ್ಸ್‌ನ 4,000 ಜನ ಶಿಬಿರಕ್ಕೆ ನಡೆದು ಬಂದರು. ಬಂದಾಗ ಅವರಿಗೆ ಒಂದು ಪೀಪಾಯಿ ಬಿಯರೂ ಇಲ್ಲ, ಒಂದು ತುಂಡು ಬ್ರೆಡ್ಡೂ ಇಲ್ಲ. ಲೆಸ್ಟರ್ ಅದನ್ನು ಮುಚ್ಚಿಡದೆ ಮೇಲಿನವರಿಗೆ ಬರೆದ. ಲಂಡನ್ನಿನಿಂದ ಬರಬೇಕಿದ್ದ 1,000 ಜನರಿಗೆ, ಊಟ ಕಟ್ಟಿಕೊಂಡು ಬರಲಾಗದಿದ್ದರೆ ಅಲ್ಲೇ ಇರಿ ಎಂದು ಹೇಳಿ ಕಳಿಸಿದ. ಅದೇ ಕಾಗದದಲ್ಲಿ ಇನ್ನೊಂದು ಮಾತೂ ಇದೆ. ರಾಣಿಗಾಗಿ ಇದಕ್ಕಿಂತ ಜಾಸ್ತಿ ಹಸಿವನ್ನೂ ತಡೆದುಕೊಳ್ಳುತ್ತೇವೆ ಎಂದು ಆ ಜನ ಹೇಳಿದರಂತೆ. ಅವರು ಹೇಳಿದ್ದೇ ಹೌದೋ, ಲೆಸ್ಟರ್ ರಾಣಿಯ ಕಿವಿಗೆ ಹಿತವಾಗಲಿ ಎಂದು ಸೇರಿಸಿದ್ದೋ, ಓದುವವರು ಯೋಚಿಸಿಕೊಳ್ಳಬೇಕು.

ಮೂರನೆಯದೇ ನನ್ನ ಪ್ರಕಾರ ನಿಜವಾದ ಗಂಟು: ನಂಬಿಕೆ. 1570ರಲ್ಲಿ ಪೋಪ್ ಎಲಿಜಬೆತ್‌ಳನ್ನು ಧರ್ಮದಿಂದ ಹೊರಹಾಕಿ, ಪ್ರಜೆಗಳು ಅವಳ ಮಾತು ಕೇಳಬೇಕಾಗಿಲ್ಲ ಎಂದು ಸಾರಿದ್ದ. 1584ರಲ್ಲಿ ಡಚ್ಚರ ನಾಯಕ ಆರೆಂಜ್‌ನ ವಿಲಿಯಂ ತನ್ನ ಮನೆಯಲ್ಲೇ ಗುಂಡಿಗೆ ಬಲಿಯಾಗಿದ್ದ. 1586ರಲ್ಲಿ ರಾಣಿಯನ್ನೇ ಕೊಲ್ಲುವ ಸಂಚು ಬಯಲಾಗಿತ್ತು. ಇಂಥ ಹೊತ್ತಿನಲ್ಲಿ ಆಯುಧ ಹಿಡಿದ ಸಾವಿರಾರು ಜನರ ನಡುವೆ ರಾಣಿ ಹೋಗಬೇಕೇ? ಆ ಗುಂಪಿನಲ್ಲಿ ಒಬ್ಬನ ಮನಸ್ಸು ಕೆಟ್ಟಿದ್ದರೂ ಸಾಕು. ಹೋಗದೆ ಅರಮನೆಯಲ್ಲಿ ಕೂತರೆ, ‘ರಾಣಿಗೆ ತನ್ನ ಜನರ ಮೇಲೇ ನಂಬಿಕೆಯಿಲ್ಲ’ ಎಂದು ಊರಿಗೆಲ್ಲ ಸಾರಿದ ಹಾಗೆ.

ಇದರ ಮೇಲೆ ಇನ್ನೊಂದು. ರಾಜ ಎಂದರೆ ಯುದ್ಧದಲ್ಲಿ ಮುಂದೆ ನಿಲ್ಲುವವನು ಎಂದೇ ಜನ ತಿಳಿದಿದ್ದ ಕಾಲ ಅದು. ರಾಣಿ ಕತ್ತಿ ಹಿಡಿದು ಮುನ್ನಡೆಯುವುದನ್ನು ಯಾರೂ ನಿರೀಕ್ಷಿಸುತ್ತಿರಲಿಲ್ಲ. ನಿರೀಕ್ಷೆ ಇಲ್ಲದಿರುವುದು ಅನುಕೂಲವೂ ಹೌದು, ಕೊರತೆಯೂ ಹೌದು.

ಏನೇನು ಮಾಡಿದರು

ಜುಲೈ ಕೊನೆಯ ವಾರದಲ್ಲಿ ರಾಣಿಗೆ ಸ್ವತಃ ಕರಾವಳಿಗೇ ಹೋಗಿ ಸೈನ್ಯದ ಜೊತೆ ನಿಲ್ಲುವ ಮನಸ್ಸಾಯಿತು. ಲೆಸ್ಟರ್ ಜುಲೈ 27ರಂದು ಬರೆದ ಉತ್ತರ ಈ ಪ್ರಕರಣದ ಮೊದಲ ತಿರುವು. ಕರಾವಳಿ ಬೇಡ, ಅದಕ್ಕೆ ನಾನು ಒಪ್ಪಲಾರೆ ಎಂದು ನೇರವಾಗಿ ಬರೆದ. ನಿಮ್ಮ ದೇಹ ನಮಗಿರುವ ಎಲ್ಲಕ್ಕಿಂತ ಅಮೂಲ್ಯವಾದದ್ದು, ಅದಕ್ಕೆ ಅಪಾಯ ಬರುವುದನ್ನು ನೆನೆದರೇ ನಡುಕ ಬರುತ್ತದೆ ಎಂದ. ಅಲ್ಲಿಗೆ ನಿಲ್ಲಿಸಲಿಲ್ಲ. ಟಿಲ್ಬರಿಗೆ ಬನ್ನಿ, ಈ ಸಾವಿರಾರು ಜನರಿಗೂ ಇದನ್ನು ಕೇಳಿ ತಿಳಿಯುವ ಇನ್ನೂ ಅನೇಕರಿಗೂ ಸಮಾಧಾನವಾಗುತ್ತದೆ ಎಂದ.

ದೊಡ್ಡವರಿಗೆ ‘ಬೇಡ’ ಎಂದು ಹೇಳುವುದು ಕಷ್ಟ. ‘ಬೇಡ’ ಎಂದು ಹೇಳಿ ಸುಮ್ನೆ ಕೂರುವುದು ಸುಲಭ. ಲೆಸ್ಟರ್ ‘ಬೇಡ’ ಎಂದೂ ಹೇಳಿದ, ಸುಮ್ನೆ ಕೂರಲೂ ಇಲ್ಲ. ರಾಣಿಯ ಆಸೆಯಲ್ಲಿ ಸರಿಯಾದದ್ದು ಯಾವುದು ಅಂತ ನೋಡಿದ. ಸೈನಿಕರಿಗೆ ಆಕೆ ಕಾಣಿಸಬೇಕು, ಅದು ಸರಿ. ತಪ್ಪಾದದ್ದು ಜಾಗ. ಜಾಗ ಬದಲಿಸಿ ಆಸೆಯನ್ನು ಉಳಿಸಿದ. ಸೇನಾಪತಿಯಾಗಿ ಲೆಸ್ಟರ್‌ನ ಬಗ್ಗೆ ಒಳ್ಳೆಯ ಮಾತು ಹೇಳುವವರು ಕಡಿಮೆ, ಆದರೆ ಈ ಒಂದು ಕಾಗದಕ್ಕೆ ಅವನಿಗೆ ಪೂರ್ತಿ ಅಂಕ ಕೊಡಬೇಕು.

ಇಷ್ಟರಲ್ಲಿ ಸಮುದ್ರದ ಮೇಲೆ ಏನಾಯಿತು ಅನ್ನುವುದನ್ನು ಬೇಗ ಹೇಳಿ ಮುಗಿಸುತ್ತೇನೆ. ಜುಲೈ 19ರಂದು ಅರ್ಮಡಾ ಕಾಣಿಸಿತು. ಒಂದು ವಾರ ಕಾಲುವೆಯುದ್ದಕ್ಕೂ ಗುಂಡಿನ ಕಾಳಗ. 27ಕ್ಕೆ ಅದು ಕ್ಯಾಲೇ ಬಳಿ ಲಂಗರು ಹಾಕಿತು. ಪಾರ್ಮಾನ ಸೈನ್ಯ ಇನ್ನೂ ದೋಣಿ ಹತ್ತಿರಲಿಲ್ಲ, ಹತ್ತಿದರೂ ಡಚ್ಚರ ಸಣ್ಣ ಹಡಗುಗಳು ತೀರವನ್ನು ಕಾಯುತ್ತಿದ್ದವು. 28ರ ರಾತ್ರಿ ಇಂಗ್ಲಿಷರು ಬೆಂಕಿ ಹಚ್ಚಿದ ಎಂಟು ಹಡಗುಗಳನ್ನು ಅವರತ್ತ ಬಿಟ್ಟರು. ಸ್ಪೇನಿನವರು ಗಾಬರಿಯಲ್ಲಿ ಲಂಗರಿನ ಹಗ್ಗ ಕಡಿದು ಚದುರಿದರು. ಮರುದಿನ ಗ್ರಾವಲೀನ್ ಹತ್ತಿರ ದೊಡ್ಡ ಕಾಳಗ. ಆಮೇಲೆ ಗಾಳಿ ತಿರುಗಿ ಅರ್ಮಡಾ ಉತ್ತರ ಸಮುದ್ರಕ್ಕೆ ಹೋಯಿತು. ಇಂಗ್ಲಿಷ್ ಹಡಗುಗಳು ಸ್ಕಾಟ್ಲೆಂಡಿನ ತನಕ ಬೆನ್ನಟ್ಟಿ, ಮದ್ದುಗುಂಡು ಮುಗಿದು ವಾಪಸಾದವು.

ಅಂದರೆ ರಾಣಿ ಟಿಲ್ಬರಿಗೆ ಬರುವ ಹೊತ್ತಿಗೆ ದೊಡ್ಡ ಕಾಳಗ ಮುಗಿದು ಹತ್ತು ದಿನವಾಗಿತ್ತು. ಇದನ್ನು ಹಿಡಿದುಕೊಂಡು ಕೆಲವರು ಈ ಭಾಷಣವನ್ನು ಬರೀ ನಾಟಕ ಎನ್ನುತ್ತಾರೆ. ಅದು ಸರಿಯಲ್ಲ. ನಮಗೆ ಮುಂದೇನಾಯಿತು ಅಂತ ಗೊತ್ತು, ಅವರಿಗೆ ಗೊತ್ತಿರಲಿಲ್ಲ. ಅರ್ಮಡಾ ಎಲ್ಲಾದರೂ ರಿಪೇರಿ ಮಾಡಿಕೊಂಡು ಹಿಂದಿರುಗಬಹುದಿತ್ತು. ಪಾರ್ಮಾ ಕಾಲುವೆಯ ಆಚೆ ದಡದಲ್ಲಿ ಹಾಗೇ ಕೂತಿದ್ದ. ಇಂಗ್ಲಿಷ್ ಹಡಗುಗಳಲ್ಲಿ ಮದ್ದುಗುಂಡು ಖಾಲಿ. ಯಾವುದೇ ನಿರ್ಧಾರವನ್ನು ಅಳೆಯುವಾಗ ಆ ದಿನ ಅವರ ಕೈಯಲ್ಲಿದ್ದ ಸುದ್ದಿಯಿಂದಲೇ ಅಳೆಯಬೇಕು, ಅಲ್ವಾ?

ಆಗಸ್ಟ್ 8 ಮತ್ತು 9

ಆಗಸ್ಟ್ 8ರಂದು ರಾಣಿ ರಾಜದೋಣಿಯಲ್ಲಿ ಲಂಡನ್ನಿನಿಂದ ಥೇಮ್ಸ್ ಗುಂಟ ಟಿಲ್ಬರಿಗೆ ಬಂದಳು. ರಾತ್ರಿ ಹತ್ತಿರದ ಒಂದು ಮನೆಯಲ್ಲಿ ಉಳಿದು ಮರುದಿನ ಮತ್ತೆ ಶಿಬಿರಕ್ಕೆ ಬಂದಳು.

ಇಲ್ಲಿ ಎರಡನೇ ತಿರುವು. ಕಾವಲಿನವರ ದೊಡ್ಡ ಗೋಡೆ ಕಟ್ಟಿಕೊಂಡು ಆಕೆ ಒಳಗೆ ಬರಲಿಲ್ಲ. ಬೆರಳೆಣಿಕೆಯ ಜನ ಮಾತ್ರ ಜೊತೆಗೆ. ಮುಂದೆ ಓರ್ಮಂಡ್‌ನ ಅರ್ಲ್ ರಾಜಖಡ್ಗ ಹಿಡಿದು ನಡೆದ. ಒಬ್ಬ ಹುಡುಗ ದಿಂಬಿನ ಮೇಲೆ ಶಿರಸ್ತ್ರಾಣ ಹೊತ್ತಿದ್ದ. ಕುದುರೆಯ ಮೇಲೆ ರಾಣಿ, ಒಂದು ಪಕ್ಕ ಲೆಸ್ಟರ್, ಇನ್ನೊಂದು ಪಕ್ಕ ಎಸೆಕ್ಸ್‌ನ ಅರ್ಲ್, ಹಿಂದೆ ಸರ್ ಜಾನ್ ನಾರಿಸ್. ಬಿಳಿ ಉಡುಗೆಯ ಮೇಲೆ ಬೆಳ್ಳಿಯ ಎದೆಕವಚ ತೊಟ್ಟಿದ್ದಳು ಎಂದು ಚಿತ್ರಗಳಲ್ಲಿ ಕಾಣುತ್ತೇವೆ. ಆ ಕವಚದ ಕಥೆ ನಂತರದ ಕಾಲದಲ್ಲಿ ಬೆಳೆದದ್ದು, ಕಣ್ಣಾರೆ ಕಂಡವರ ಬರಹದ ಆಧಾರ ಅದಕ್ಕೆ ಗಟ್ಟಿಯಾಗಿಲ್ಲ. ನನಗೆ ಕವಚಕ್ಕಿಂತ ಆ ಶಿರಸ್ತ್ರಾಣವೇ ಜಾಸ್ತಿ ಮಾತಾಡಿದ ಹಾಗೆ ಅನಿಸುತ್ತದೆ. ಅದು ರಾಣಿಯ ತಲೆಯ ಮೇಲಿರಲಿಲ್ಲ, ದಿಂಬಿನ ಮೇಲಿತ್ತು. ಯುದ್ಧ ಬಂದರೆ ತೊಡಲು ಇದೆ, ನಿಮ್ಮ ನಡುವೆ ಇರುವಾಗ ಬೇಕಾಗಿಲ್ಲ.

ಸೈನಿಕರು ಸಾಲಾಗಿ ನಿಂತಿದ್ದರು. ಕೆಲವರಿಗೆ ಬಂದೂಕು, ಕೆಲವರಿಗೆ ಉದ್ದನೆಯ ಈಟಿ. ರಾಣಿ ಸಾಲಿನ ನಡುವೆ ಓಡಾಡಿದಳು. ಆಮೇಲೆ ಮಾತಾಡಿದಳು.

ಭಾಷಣದ ಹೆಸರುವಾಸಿ ಸಾಲು ಎಲ್ಲರಿಗೂ ಗೊತ್ತು: ‘ನನ್ನದು ಬಲವಿಲ್ಲದ ಹೆಂಗಸಿನ ದೇಹ ಎಂದು ನನಗೆ ಗೊತ್ತು. ಆದರೆ ನನ್ನ ಎದೆಗುಂಡಿಗೆ ರಾಜನದು, ಅದೂ ಇಂಗ್ಲೆಂಡಿನ ರಾಜನದು.’ ಈ ಸಾಲಿನ ಜಾಣತನ ಅದರ ಮೊದಲರ್ಧದಲ್ಲಿದೆ. ಅಲ್ಲಿ ನಿಂತವರ ಮನಸ್ಸಿನಲ್ಲಿ ಏನಿತ್ತೋ ಅದನ್ನು ತಾನೇ ಮೊದಲು ಹೇಳಿಬಿಟ್ಟಳು. ಎದುರಿನವರು ಒಳಗೊಳಗೇ ಅಂದುಕೊಳ್ಳುವುದನ್ನು ನಾವೇ ಬಾಯಿಬಿಟ್ಟು ಹೇಳಿದರೆ ಅದರ ಹಲ್ಲು ಕಿತ್ತ ಹಾಗೆ.

ಆದರೆ ಭಾಷಣ ಶುರುವಾಗುವುದು ಆ ಸಾಲಿನಿಂದಲ್ಲ. ಶುರುವಾಗುವುದು ನಂಬಿಕೆಯ ಮಾತಿನಿಂದ. ‘ನನ್ನ ಕ್ಷೇಮ ಬಯಸುವ ಕೆಲವರು, ಆಯುಧ ಹಿಡಿದ ಗುಂಪಿನ ನಡುವೆ ಹೋಗುವಾಗ ದ್ರೋಹದ ಭಯವಿರಲಿ ಎಂದು ನನಗೆ ಹೇಳಿದರು. ಆದರೆ ನನ್ನ ಪ್ರೀತಿಯ ಜನರನ್ನು ನಂಬದೆ ಬದುಕುವ ಆಸೆ ನನಗಿಲ್ಲ. ಹೆದರುವುದು ದಬ್ಬಾಳಿಕೆಯವರಿಗೆ ಇರಲಿ.’ ಆಪ್ತರ ಕೋಣೆಯಲ್ಲಿ ನಡೆದ ಚರ್ಚೆಯನ್ನು ತಂದು ಸೈನಿಕರ ಮುಂದೆಯೇ ಇಟ್ಟಳು. ನಿಮ್ಮನ್ನು ನಂಬಬಾರದು ಎಂದು ನನಗೆ ಸಲಹೆ ಬಂದಿತ್ತು, ನಾನು ಕೇಳಲಿಲ್ಲ, ನೋಡಿ ಇಲ್ಲೇ ಇದ್ದೇನೆ. ಕಾವಲು ಕಡಿಮೆ ಮಾಡಿಕೊಂಡು ಬಂದಿದ್ದರಿಂದ ಈ ಮಾತಿಗೆ ಸಾಕ್ಷಿ ಕಣ್ಣೆದುರೇ ಇತ್ತು. ನೂರು ಅಂಗರಕ್ಷಕರ ನಡುವೆ ನಿಂತು ಇದನ್ನೇ ಹೇಳಿದ್ದರೆ ಯಾರಾದರೂ ನಗುತ್ತಿದ್ದರು.

ಕೊನೆಯ ಭಾಗಕ್ಕೆ ಜನ ಅಷ್ಟಾಗಿ ಗಮನ ಕೊಡುವುದಿಲ್ಲ. ಅಲ್ಲಿ ಹಣದ ಮಾತಿದೆ. ‘ನಿಮ್ಮ ಉತ್ಸಾಹಕ್ಕೆ ನೀವು ಈಗಾಗಲೇ ಬಹುಮಾನಕ್ಕೆ ಅರ್ಹರಾಗಿದ್ದೀರಿ ಎಂದು ನನಗೆ ಗೊತ್ತು. ಅರಸಿಯ ಮಾತಾಗಿ ಹೇಳುತ್ತೇನೆ, ಅದು ನಿಮಗೆ ಸರಿಯಾಗಿ ಸಂದಾಯವಾಗುತ್ತದೆ.’  ಇಲ್ಲಿ ಅವಳು ಅರಸಿಯ ಮಾತನ್ನೇ ಕೊಟ್ಟಳು. ಎರಡು ವಾರದ ಹಿಂದೆ ಬ್ರೆಡ್ಡಿಲ್ಲದೆ ನಿಂತಿದ್ದವರ ಕಿವಿಗೆ ಯಾವ ಸಾಲು ಜೋರಾಗಿ ಕೇಳಿಸಿರಬೇಕು ಎಂದು ಊಹಿಸುವುದು ಕಷ್ಟವಲ್ಲ.

ಮೈಕ್ ಇಲ್ಲದ ಕಾಲ. ಸಾವಿರಾರು ಜನರಲ್ಲಿ ಮುಂದಿನ ಸಾಲಿನವರಿಗಷ್ಟೇ ಕೇಳಿಸಿದ್ದು. ಲಿಯೊನೆಲ್ ಶಾರ್ಪ್ ಎಂಬ ಪಾದ್ರಿ, ಮರುದಿನ ಇಡೀ ಸೈನ್ಯಕ್ಕೆ ಆ ಭಾಷಣವನ್ನು ಮತ್ತೆ ಓದಿ ಹೇಳುವ ಕೆಲಸ ತನಗೆ ಬಂತು ಎಂದು ಮುಂದೆ ಬರೆದಿದ್ದಾನೆ. ನಾವು ಇಂದು ಓದುವ ಭಾಷಣದ ಪಠ್ಯ ಬಂದದ್ದೂ ಅವನ ಆ ಕಾಗದದಿಂದಲೇ. ಅದು ಘಟನೆಯಾಗಿ ಮೂವತ್ತಕ್ಕೂ ಹೆಚ್ಚು ವರ್ಷದ ಮೇಲೆ ಬರೆದದ್ದು, ಅಚ್ಚಾದದ್ದು 1654ರಲ್ಲಿ. ಪದಕ್ಕೆ ಪದ ಇದೇ ಎಂದು ಪ್ರಮಾಣ ಮಾಡುವ ಹಾಗಿಲ್ಲ. ಆದರೆ 1588ರಲ್ಲೇ ಅಚ್ಚಾದ ಒಂದು ಪದ್ಯದಲ್ಲೂ, ಯುದ್ಧ ಬಂದರೆ ನಾನೂ ನಿಮ್ಮ ನಡುವೆ ಇರುತ್ತೇನೆ ಎಂಬ ರಾಣಿಯ ಮಾತಿದೆ. ಹಾಗಾಗಿ ತಿರುಳು ಅಂದಿನದೇ ಎಂದು ನಾನು ಒಪ್ಪುತ್ತೇನೆ.

ಮೂರನೇ ತಿರುವು ಬಂದದ್ದು ಅದೇ ದಿನ. ಪಾರ್ಮಾ ಮುಂದಿನ ದೊಡ್ಡ ಉಬ್ಬರಕ್ಕೆ ಹೊರಡುತ್ತಾನಂತೆ ಎಂಬ ಸುದ್ದಿ ಶಿಬಿರಕ್ಕೆ ಬಂತು. ರಾಣಿ ಪಟ್ಟು ಹಿಡಿದಳು. ಶತ್ರು ಬರುವ ಸಾಧ್ಯತೆ ಇರುವಾಗ ನಾನು ವಾಪಸು ಹೋದರೆ ಮಾನ ಉಳಿಯುವುದಿಲ್ಲ ಎಂದಳು. ಅಲ್ಲಿದ್ದ ಕಾರ್ಯದರ್ಶಿ ವಾಲ್ಸಿಂಗಮ್, ಈ ಜಾಗ ಧೈರ್ಯ ಹುಟ್ಟಿಸುತ್ತದೆ ನೋಡಿ ಎಂದು ಖಜಾನೆ ನೋಡುತ್ತಿದ್ದ ಬರ್ಲಿಗೆ ಬರೆದ. ಅದರಲ್ಲಿ ಮೆಚ್ಚುಗೆ ಎಷ್ಟು, ತಲೆನೋವು ಎಷ್ಟು ಎಂದು ಹೇಳಲಾರೆ. ಕೊನೆಗೆ ಹೇಗೋ ಒಪ್ಪಿಸಿ ಲಂಡನ್ನಿಗೆ ಕರೆದುಕೊಂಡು ಹೋದರು. ಪಾರ್ಮಾ ಬರಲಿಲ್ಲ.

ಆಮೇಲೆ ಆದದ್ದು

ಶಿಬಿರದ ಮಟ್ಟಿಗೆ ಫಲಿತಾಂಶ ಚೆನ್ನಾಗಿತ್ತು. ಕೆಲವೇ ದಿನಗಳ ಮೇಲೆ ಲೆಸ್ಟರ್ ಇನ್ನೊಬ್ಬ ಅರ್ಲ್‌ಗೆ ಬರೆದ: ರಾಣಿ ಬಂದು ಹೋದ ಮೇಲೆ ಇಲ್ಲಿನ ತೀರಾ ಬಡಪಾಯಿಯೂ, ಇಂಗ್ಲೆಂಡಿನಲ್ಲಿ ಇಳಿಯುವ ಧೈರ್ಯ ಮಾಡಿದ ಎಂಥ ಸೊಕ್ಕಿನ ಸ್ಪೇನಿನವನಿಗೂ ಸಾಟಿಯಾಗಿ ನಿಲ್ಲುತ್ತಾನೆ. ಉತ್ಪ್ರೇಕ್ಷೆ ಇದ್ದೀತು. ಆದರೆ ಜಗಳ, ಓಡಿಹೋಗುವಿಕೆ, ದಂಗೆ ಯಾವುದೂ ಶಿಬಿರವನ್ನು ಮುರಿಯಲಿಲ್ಲ. ಯುದ್ಧವಿಲ್ಲದೆಯೇ, ಆಗಸ್ಟ್ ಅರ್ಧ ಕಳೆದ ಮೇಲೆ ಅದನ್ನು ಬರ್ಖಾಸ್ತು ಮಾಡತೊಡಗಿದರು. ದಿನದ ಖರ್ಚು ಖಜಾನೆಯನ್ನು ತಿನ್ನುತ್ತಿತ್ತು.

ಇನ್ನು ಮರುದಿನದ ಕಾಗದಕ್ಕೆ ಬರುತ್ತೇನೆ. ಆಗಸ್ಟ್ 10. ಟಿಲ್ಬರಿಯಲ್ಲಿ ಭಾಷಣವನ್ನು ಎರಡನೇ ಸಲ ಓದಬೇಕಿದ್ದ ದಿನ. ಥೇಮ್ಸ್ ಸಮುದ್ರ ಸೇರುವ ಕಡೆ, ಕೆಂಟ್ ತೀರದ ಮಾರ್ಗೇಟ್ ಎಂಬ ಊರಿನಿಂದ ನೌಕಾಪಡೆಯ ಮುಖ್ಯಸ್ಥ ಹೋವರ್ಡ್ ಬರ್ಲಿಗೆ ಬರೆದ. ಹಡಗುಗಳಲ್ಲಿ ರೋಗ ಹಬ್ಬಿದೆ. ಜನರನ್ನು ಇಳಿಸಿದರೆ ಇಡಲು ಜಾಗವಿಲ್ಲ, ಬೀದಿಯಲ್ಲೇ ಸಾಯುತ್ತಿದ್ದಾರೆ. ನಾನೇ ದಡಕ್ಕೆ ಬಂದು ಜಾಗ ಹುಡುಕಬೇಕಾಯಿತು, ಸಿಕ್ಕಿದ್ದು ಕಣಜ, ಕೊಟ್ಟಿಗೆಗಳು. ಅಷ್ಟು ಧೈರ್ಯವಾಗಿ ದುಡಿದವರು ಇಷ್ಟು ದೈನ್ಯವಾಗಿ ಸಾಯುವುದನ್ನು ನೋಡಿದರೆ ಯಾರ ಕರುಳಾದರೂ ಹಿಂಡುತ್ತದೆ. ತಿಂಗಳುಗಟ್ಟಲೆ ಸಮುದ್ರದ ಮೇಲಿದ್ದವರಿಗೆ ಮೈಮೇಲೆ ಬಟ್ಟೆಯಿಲ್ಲ, 1,000 ಪೌಂಡಿನಷ್ಟು ಅಂಗಿ, ಷರಾಯಿ, ಬೂಟು ಕಳಿಸಿ ಎಂದು ಕೇಳಿದ.

ಆ ಕಾಗದದಲ್ಲಿ ಒಂದು ಹಡಗಿನ ಕಥೆ ಬರುತ್ತದೆ. ಹೊರಡುವಾಗ ಅದರಲ್ಲಿ 500 ಜನ. ಅರ್ಮಡಾ ಕಣ್ಣಿಗೆ ಬೀಳುವ ಮೊದಲೇ, ಪ್ಲಿಮತ್‌ನಲ್ಲಿ ಕಾಯುತ್ತಿದ್ದ ಮೂರು ನಾಲ್ಕು ವಾರದಲ್ಲಿ 200ಕ್ಕೂ ಹೆಚ್ಚು ಜನ ಸತ್ತರು. ಉಳಿದವರನ್ನು ಇಳಿಸಿ, ಒಳಗೆ ಹಸಿ ಸೊಪ್ಪಿನ ಹೊಗೆ ಹಾಕಿ, ಹೊಸಬರನ್ನು ತುಂಬಿದರು. ಅವರಿಗೂ ರೋಗ ಹತ್ತಿತು. ಹಡಗಿನ ಹೆಸರು ‘ಎಲಿಜಬೆತ್ ಜೋನಾಸ್’. ರಾಣಿಯ ಹೆಸರನ್ನೇ ಹೊತ್ತ ಹಡಗು.

ಕಾಳಗದಲ್ಲಿ ಇಂಗ್ಲಿಷರ ಕಡೆ ಸತ್ತವರು ಬಹಳ ಕಡಿಮೆ. ಶತ್ರುವಿನ ಗುಂಡಿಗೆ ಒಂದು ಹಡಗೂ ಮುಳುಗಲಿಲ್ಲ. ರೋಗದಿಂದ ಹೋದವರ ಲೆಕ್ಕ ಅದಕ್ಕೆ ಹೋಲಿಸಲಾಗದಷ್ಟು ದೊಡ್ಡದು. ಇತ್ತ ಅದೇ ಆಗಸ್ಟ್‌ನಲ್ಲಿ ಬರ್ಲಿ ಲೆಕ್ಕದ ಪುಸ್ತಕ ನೋಡುತ್ತಾ, ಸಮುದ್ರದ ಮೇಲೆ ಇಷ್ಟು ಜನ ಸತ್ತಿದ್ದಾರಲ್ಲ, ಅವರ ಜೊತೆ ಅವರ ಸಂಬಳವೂ ಏಕೆ ಸಾಯಲಿಲ್ಲ ಎಂದು ಆಶ್ಚರ್ಯಪಟ್ಟು ಬರೆದ. ಬರ್ಲಿ ಕಟುಕನಲ್ಲ. ಖಜಾನೆ ನಿಜವಾಗಿಯೂ ಬರಿದಾಗುತ್ತಿತ್ತು, ನೆದರ್ಲೆಂಡ್ಸ್‌ನ ಯುದ್ಧ ಒಂದು ಕಡೆ ಹೀರುತ್ತಿತ್ತು. ಆದರೂ ಆ ಸಾಲನ್ನು ಅರಸಿಯ ಮಾತಿನ ಪಕ್ಕ ಇಟ್ಟು ಓದಿದಾಗ ಬಾಯಿ ಕಹಿಯಾಗುತ್ತದೆ.

ಹೋವರ್ಡ್ ಸುಮ್ಮನೆ ಕೂರಲಿಲ್ಲ. ಸೆರೆಸಿಕ್ಕ ಸ್ಪೇನಿನ ಹಡಗಿನ ಹಣದಲ್ಲಿ ಸ್ವಲ್ಪ ತೆಗೆದು ನಾವಿಕರಿಗೆ ಖರ್ಚು ಮಾಡಿದ, ಕೈಯಿಂದಲೂ ಹಾಕಿದ. ನನ್ನ ಬಳಿ ಒಂದು ಪೆನ್ನಿ ಉಳಿಯದಿದ್ದರೂ ಚಿಂತೆಯಿಲ್ಲ, ಇವರಿಗೆ ಕೊರತೆಯಾಗಬಾರದು ಎಂದು ಬರೆದ. ದುಡಿದವರನ್ನು ಹೀಗೆ ಸಾಯಲು ಬಿಟ್ಟರೆ ಮುಂದೆ ದುಡಿಯಲು ಜನ ಸಿಗುವುದು ಕಷ್ಟ ಎಂದು ಎಚ್ಚರಿಸಿದ. ಹುಳಿಯಾದ ಬಿಯರಿನ ಬಗ್ಗೆಯೂ ದೂರಿದ, ನಾವಿಕರಿಗೆ ಅದಕ್ಕಿಂತ ಬೇಸರ ತರಿಸುವುದು ಬೇರೆ ಇಲ್ಲವಂತೆ.

ಇದರಿಂದ ಏನು ಕಾಣುತ್ತದೆ

ಟಿಲ್ಬರಿಯಲ್ಲಿ ಏನು ಕೆಲಸ ಮಾಡಿತು ಅನ್ನುವುದನ್ನು ಮೇಲೆ ಹೇಳಿಯಾಗಿದೆ. ಜಾಗದ ಆಯ್ಕೆ, ಕಡಿಮೆ ಕಾವಲು, ಒಳಗಿನ ಅನುಮಾನವನ್ನು ತಾನೇ ಮುಂದಿಟ್ಟದ್ದು, ಕೇಳಿಸದವರಿಗಾಗಿ ಮರುದಿನ ಮತ್ತೆ ಓದಿಸುವ ಏರ್ಪಾಡು. ಈ ನಾಲ್ಕರಲ್ಲಿ ಮಾತಿನ ಚಂದಕ್ಕೆ ಸಂಬಂಧಿಸಿದ್ದು ಒಂದೇ. ಉಳಿದ ಮೂರು ಏರ್ಪಾಡಿನ ಕೆಲಸ. ಭಾಷಣ ಕಲಿಸುವವರು ಈ ಮೂರನ್ನು ಬಿಟ್ಟುಬಿಡುತ್ತಾರೆ.

ಎಡವಿದ್ದು ಎಲ್ಲಿ? ರಾಣಿ ಸುಳ್ಳು ಹೇಳಿದಳು ಎಂದು ನನಗನಿಸುವುದಿಲ್ಲ. ಆ ಗಳಿಗೆಯಲ್ಲಿ ಹೇಳಿದ್ದನ್ನು ನಂಬಿಯೇ ಹೇಳಿರಬೇಕು. ಆದರೆ ಮಾತು ಕೊಡುವ ಜಾಗ ಒಂದು, ಅದನ್ನು ತೀರಿಸುವ ಜಾಗ ಇನ್ನೊಂದು. ಮಾತು ಕೊಟ್ಟದ್ದು ಮೈದಾನದಲ್ಲಿ, ರಾಣಿಯ ಬಾಯಿಂದ. ತೀರಿಸಬೇಕಾದದ್ದು ಬರ್ಲಿಯ ಲೆಕ್ಕದ ಪುಸ್ತಕದಿಂದ. ಎರಡರ ನಡುವೆ ಒಬ್ಬ ಗುಮಾಸ್ತನನ್ನೂ ನಿಲ್ಲಿಸಿರಲಿಲ್ಲ. ಎಷ್ಟು ಜನರಿಗೆ, ಎಷ್ಟು, ಯಾವಾಗ, ಯಾವ ಬಾಬ್ತಿನಿಂದ ಎಂಬ ಒಂದು ಸಾಲು ಆ ದಿನ ಬರೆದಿಟ್ಟಿದ್ದರೆ ಹೋವರ್ಡ್‌ಗೆ ಅಂಗಿ ಕೇಳಿ ಕಾಗದ ಬರೆಯುವ ಪಾಡು ಬರುತ್ತಿರಲಿಲ್ಲವೇನೋ.

ಇನ್ನೊಂದು ಸಂಗತಿ ನನಗೆ ಇದಕ್ಕಿಂತ ಚುಚ್ಚುತ್ತದೆ. ಭಾಷಣ ಕೇಳಿದವರು ಯುದ್ಧ ಮಾಡಲಿಲ್ಲ. ಯುದ್ಧ ಮಾಡಿದವರು ಭಾಷಣ ಕೇಳಲಿಲ್ಲ. ಟಿಲ್ಬರಿಯ ರೈತ ಸೈನಿಕರಿಗೆ ಒಂದು ಗುಂಡನ್ನೂ ಹಾರಿಸುವ ಪ್ರಸಂಗ ಬರಲಿಲ್ಲ. ಅರ್ಮಡಾವನ್ನು ತಡೆದ ನಾವಿಕರು ಅದೇ ಹೊತ್ತಿಗೆ ಮಾರ್ಗೇಟ್‌ನ ಬೀದಿಯಲ್ಲಿ ಬಿದ್ದಿದ್ದರು. ಕಣ್ಣೆದುರು ಸಾಲಾಗಿ ನಿಂತವರು ಕಾಣುತ್ತಾರೆ, ಮೆಚ್ಚುಗೆ ಅವರಿಗೆ ಹೋಗುತ್ತದೆ. ರಾಣಿಯ ದೋಣಿ ಥೇಮ್ಸ್‌ನಲ್ಲಿ ಇನ್ನೂ ಸ್ವಲ್ಪ ಮುಂದೆ ಹೋಗಿ ಸಮುದ್ರದ ತುದಿಯ ಆ ಊರನ್ನು ಮುಟ್ಟಿದ್ದರೆ, ಅಲ್ಲಿ ಭಾಷಣವೇ ಬೇಕಾಗಿರಲಿಲ್ಲ. ಆದರೆ ರೋಗ ಹಬ್ಬಿದ ಊರಿಗೆ ರಾಣಿಯನ್ನು ಕರೆದೊಯ್ಯಲು ಯಾವ ಲೆಸ್ಟರ್ ತಾನೆ ಒಪ್ಪುತ್ತಿದ್ದ?

ಆ ಲೆಸ್ಟರ್ ಶಿಬಿರ ಮುಗಿಸಿ ಹೊರಟವನು ಸೆಪ್ಟೆಂಬರ್ 4ರಂದು ತೀರಿಕೊಂಡ. ಅವನ ಕೊನೆಯ ಕಾಗದವನ್ನು ರಾಣಿ ಸಾಯುವ ತನಕ ಜೋಪಾನವಾಗಿ ಇಟ್ಟುಕೊಂಡಿದ್ದಳು. ನವೆಂಬರ್ 24ರಂದು ಲಂಡನ್ನಿನ ಸೇಂಟ್ ಪಾಲ್ಸ್ ಚರ್ಚಿನಲ್ಲಿ ಗೆಲುವಿಗೆ ದೇವರಿಗೆ ಧನ್ಯವಾದ ಹೇಳುವ ದೊಡ್ಡ ಪ್ರಾರ್ಥನೆ ನಡೆಯಿತು. ಗಾಯಗೊಂಡು ದುಡಿಯಲಾಗದ ಸೈನಿಕರಿಗೂ ನಾವಿಕರಿಗೂ ಊರಿನ ತೆರಿಗೆಯಿಂದ ನೆರವು ಕೊಡುವ ಕಾನೂನು ಬಂದದ್ದು 1593ರಲ್ಲಿ, ಭಾಷಣವಾಗಿ ಐದು ವರ್ಷಕ್ಕೆ.

ಅದಕ್ಕೂ ಮೊದಲು, 1590ರ ಸುಮಾರಿಗೆ, ಹೋವರ್ಡ್, ಡ್ರೇಕ್ ಮತ್ತು ಇನ್ನೊಬ್ಬ ನೌಕಾ ನಾಯಕ ಹಾಕಿನ್ಸ್ ಸೇರಿ ಚಾಥಮ್ ಎಂಬ ಊರಿನಲ್ಲಿ ನಾವಿಕರಿಗಾಗಿ ಒಂದು ನಿಧಿ ಕಟ್ಟಿದರು. ಅದನ್ನು ‘ಚಾಥಮ್ ಪೆಟ್ಟಿಗೆ’ ಎಂದೇ ಕರೆಯುತ್ತಿದ್ದರು. ಗಾಯಗೊಂಡವರಿಗೆ, ಕೈಕಾಲು ಕಳೆದುಕೊಂಡವರಿಗೆ ಅದರಿಂದ ಹಣ ಸಿಗುತ್ತಿತ್ತು. ಪೆಟ್ಟಿಗೆಗೆ ಹಣ ಬರುತ್ತಿದ್ದದ್ದು ನಾವಿಕರ ಸಂಬಳದಿಂದಲೇ, ತಿಂಗಳಿಗೆ ತಲಾ 6 ಪೆನ್ಸ್ ಮುರಿದುಕೊಂಡು.